ಹತ್ತು ಅಡಿಗೆ ಎರಡು ಇಂಚು: ಒಳಚರಂಡಿ ಪೈಪಿಗೆ ಎಷ್ಟು ವಾಟ ಬೇಕು?

ನಾವು ತುಮಕೂರಿನಲ್ಲಿ ಮನೆ ಕಟ್ಟಿ ಎರಡನೇ ಮಳೆಗಾಲ. ಒಂದು ಬೆಳಗ್ಗೆ ಹಿತ್ತಲಿನ ಶೌಚಾಲಯಕ್ಕೆ ಸುರಿದ ನೀರು ಇಳಿಯಲಿಲ್ಲ. ಗುಳುಗುಳು ಅಂತ ಸದ್ದು ಮಾಡಿ ಮೇಲಕ್ಕೇ ಬಂತು. ಪಕ್ಕದ ಚೇಂಬರಿನ ಮುಚ್ಚಳ ಎತ್ತಿ ನೋಡಿದರೆ ಕಪ್ಪು ನೀರು ಅಲ್ಲಾಡದೆ ನಿಂತಿತ್ತು. ಕೋಲು ಹಾಕಿದೆವು, ಬಿದಿರಿನ ದಬ್ಬೆ ಹಾಕಿದೆವು, ಕೊನೆಗೆ ಮಷೀನಿನವರನ್ನು ಕರೆಸಿದೆವು. ಬಿಟ್ಟಿತು. ಮೂರು ತಿಂಗಳಿಗೆ ಮತ್ತೆ ಕಟ್ಟಿತು.

ಪೈಪು ಹಾಕಿದ ಪ್ಲಂಬರನ್ನೇ ಕರೆದು ಕೇಳಿದೆ. "ವಾಟ ಕೊಟ್ಟಿದ್ದೀನಿ ಸಾರ್, ಬೇಕಿದ್ರೆ ನೋಡಿ" ಅಂದರು. ವಾಟ ಅಂದರೆ ಪೈಪಿನ ಇಳಿಜಾರು. ಟ್ಯೂಬ್ ಲೆವೆಲ್ (ಎರಡು ತುದಿಯ ಮಟ್ಟ ನೋಡುವ, ನೀರು ತುಂಬಿದ ಕೊಳವೆ) ಹಿಡಿದು ಅಳೆದೆವು. ಅವರು ಹೇಳಿದ್ದು ಸುಳ್ಳಲ್ಲ. ಹಿತ್ತಲಿನಿಂದ ರಸ್ತೆಯವರೆಗೆ 45 ಅಡಿ ಪೈಪು, ಅಷ್ಟು ಉದ್ದಕ್ಕೆ 4 ಇಂಚು ಇಳಿದಿತ್ತು. ಬೇಕಾಗಿದ್ದದ್ದು 9 ಇಂಚು. ಆ 5 ಇಂಚು ಎಲ್ಲಿ ಹೋಯಿತು ಅಂತ ಹುಡುಕುತ್ತಾ ಹೋದಾಗಲೇ ನನಗೆ ಈ ವಿಷಯ ಅರ್ಥವಾಗಿದ್ದು. ಅದನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ವಾಟ ಯಾಕೆ ಬೇಕು ಅನ್ನುವುದು. ನೀರು ಹರಿಯಲು ವಾಟ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಬರೀ ನೀರಿಗಾದರೆ ಅಂಥ ವಾಟವೇನೂ ಬೇಡ. ಗದ್ದೆ ಕಾಲುವೆಯನ್ನು ನೋಡಿ, ಇಳಿಜಾರು ಕಣ್ಣಿಗೇ ಕಾಣುವುದಿಲ್ಲ, ಆದರೂ ನೀರು ಹೋಗುತ್ತಿರುತ್ತದೆ. ಶೌಚಾಲಯದ ಪೈಪಿನ ಕಥೆ ಬೇರೆ. ಅಲ್ಲಿ ನೀರಿಗೆ ಕೂಲಿ ಕೆಲಸ ಇದೆ. ಮಲ, ಕಾಗದ, ಕೂದಲು, ಮರಳು ಇಷ್ಟನ್ನೂ ಅದು ಹೊತ್ತುಕೊಂಡು ಹೋಗಬೇಕು. ನಿಧಾನವಾಗಿ ಹೋದರೆ ಹೊರೆ ಇಳಿಸಿ ತಾನು ಮಾತ್ರ ಹೊರಟುಬಿಡುತ್ತದೆ. ಇಳಿಸಿದ್ದು ಅಲ್ಲೇ ಕೂತು ಮುಂದೆ ಬಂದದ್ದನ್ನೂ ತಡೆಯುತ್ತದೆ.

ಹಾಗಾಗಿ ಎಂಜಿನಿಯರುಗಳು ಮೊದಲು ಕೇಳುವುದು ಇಳಿಜಾರನ್ನಲ್ಲ, ವೇಗವನ್ನು. ಪೈಪು ತನ್ನನ್ನು ತಾನೇ ತೊಳೆದುಕೊಳ್ಳುವಷ್ಟು ವೇಗ ಇರಬೇಕು. ಕಟ್ಟಡಗಳ ಒಳಚರಂಡಿಗೆ ನಮ್ಮ ದೇಶದ ಮಾನಕ ಐಎಸ್ 1742. ಅದರ ಪ್ರಕಾರ ಈ ವೇಗ ಸೆಕೆಂಡಿಗೆ 0.75 ಮೀಟರ್. ಗಂಟೆಗೆ ಲೆಕ್ಕ ಹಾಕಿದರೆ 2.7 ಕಿಲೋಮೀಟರ್, ಅಂದರೆ ಅಜ್ಜ ಸಂಜೆ ವಾಕಿಂಗ್ ಹೋಗುವ ವೇಗ. ಅಷ್ಟೇ ಸಾಕು. ಆದರೆ ಅಜ್ಜ ಎಲ್ಲೂ ನಿಲ್ಲಬಾರದು!

ಈಗ ಅಳತೆಯ ಭಾಷೆ. ಇಲ್ಲೇ ಜಾಸ್ತಿ ಗೊಂದಲ. ಡ್ರಾಯಿಂಗಿನಲ್ಲಿ 1:60 ಅಂತ ಬರೆದಿರುತ್ತಾರೆ. ಅಂದರೆ 60 ಅಡಿ ಮುಂದೆ ಹೋದರೆ 1 ಅಡಿ ಇಳಿಯಬೇಕು. ಎರಡನೇ ಅಂಕಿ ದೊಡ್ಡದಾದಷ್ಟೂ ವಾಟ ಕಡಿಮೆ. 1:100 ಅನ್ನುವುದು 1:60ಕ್ಕಿಂತ ಚಪ್ಪಟೆ. ಇದನ್ನು ತಿರುವುಮುರುವು ಓದಿಕೊಂಡವರು ಬೇಕಾದಷ್ಟು ಜನ ಇದ್ದಾರೆ, ಮೊದಲಿಗೆ ನಾನೂ ಹಾಗೇ ಓದಿದ್ದೆ. ಯೂಟ್ಯೂಬಿನ ಅಮೆರಿಕದ ವಿಡಿಯೋಗಳಲ್ಲಿ ಅಡಿಗೆ ಕಾಲು ಇಂಚು ಅನ್ನುತ್ತಾರೆ. ಅದು 1:48. ಕೆಲವರು ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. ಶೇಕಡಾ 2 ಅಂದರೆ 1:50.

ಸೈಟಿನಲ್ಲಿ ಇವೆಲ್ಲ ತಲೆಯಲ್ಲಿ ನಿಲ್ಲುವುದಿಲ್ಲ. ಹತ್ತು ಅಡಿ ಪೈಪನ್ನೇ ಅಳತೆಗೋಲು ಮಾಡಿಕೊಂಡರೆ ಸುಲಭ. ಹತ್ತು ಅಡಿ ಅಂದರೆ 120 ಇಂಚು. 1:60 ಬೇಕಾದರೆ ಹತ್ತು ಅಡಿಗೆ 2 ಇಂಚು. 1:40 ಅಂದರೆ 3 ಇಂಚು. 1:80 ಅಂದರೆ ಒಂದೂವರೆ ಇಂಚು. ಮನೆಯ ಶೌಚಾಲಯದ ಲೈನಿಗೆ ಒಂದೇ ಅಂಕಿ ನೆನಪಿಡುತ್ತೇನೆ ಅನ್ನುವವರು "ಹತ್ತಕ್ಕೆ ಎರಡು" ಅಂತ ಇಟ್ಟುಕೊಳ್ಳಿ.

ಈ ಎರಡು ಇಂಚು ಎಲ್ಲಿಂದ ಬಂತು ಅಂದರೆ, ಮಾನಕದಲ್ಲಿ ಪೈಪಿನ ಅಳತೆಗೆ ತಕ್ಕಂತೆ ಕನಿಷ್ಠ ವಾಟದ ಪಟ್ಟಿ ಇದೆ. 100 ಮಿಲಿಮೀಟರ್ ಪೈಪಿಗೆ 1:57, 150ಕ್ಕೆ 1:100, 200ಕ್ಕೆ 1:145. ನಾವು ಅಂಗಡಿಯಲ್ಲಿ ನಾಲ್ಕಿಂಚು ಅಂತ ಕೇಳಿ ತರುವ ಪಿವಿಸಿ ಪೈಪು ಹೊರಗಿನಿಂದ 110 ಮಿಲಿಮೀಟರ್, ಒಳಗೆ ಹೆಚ್ಚೂಕಡಿಮೆ 100. ಆ 1:57 ಹತ್ತಿರ ಹತ್ತಿರ ನಮ್ಮ ಹತ್ತಕ್ಕೆ ಎರಡೇ.

ಇನ್ನೂ ಒಂದು ಹೆಜ್ಜೆ ಒಳಗೆ ಹೋಗಬೇಕು ಅನ್ನುವವರಿಗೆ: ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಕೊಟ್ಟ ಸೂತ್ರವನ್ನು ಇವತ್ತಿಗೂ ಬಳಸುತ್ತಾರೆ. ಅದರ ಪ್ರಕಾರ ವೇಗ ಮೂರರ ಮೇಲೆ ನಿಂತಿದೆ. ಒಂದು, ಪೈಪಿನ ಒಳಮೈ ಎಷ್ಟು ಒರಟು. ಎರಡು, ನೀರಿನ ಎಷ್ಟು ಭಾಗ ಪೈಪಿನ ಗೋಡೆಗೆ ಉಜ್ಜಿಕೊಂಡು ಹೋಗುತ್ತದೆ. ಮೂರು, ವಾಟ. ತಮಾಷೆ ಏನೆಂದರೆ ವೇಗ ಏರುವುದು ವಾಟದ ವರ್ಗಮೂಲದ ಲೆಕ್ಕದಲ್ಲಿ. ವಾಟವನ್ನು ನಾಲ್ಕು ಪಟ್ಟು ಮಾಡಿದರೆ ವೇಗ ಎರಡೇ ಪಟ್ಟಾಗುತ್ತದೆ. ನುಣುಪಾದ ನಾಲ್ಕಿಂಚು ಪಿವಿಸಿ ಅರ್ಧ ತುಂಬಿ ಹರಿಯುವಾಗ 1:100ರಲ್ಲಿ ಸೆಕೆಂಡಿಗೆ ಸುಮಾರು 0.8 ಮೀಟರ್ ಬರುತ್ತದೆ, 1:60ರಲ್ಲಿ ಸುಮಾರು 1 ಮೀಟರ್.

"ಹಾಗಾದರೆ 1:100 ಕೊಟ್ಟರೂ 0.75 ದಾಟಿತಲ್ಲ, ಸಾಕಲ್ವಾ?" ಅಂತ ಕೇಳಬಹುದು. ಹೊಸ ಪೈಪಿಗೆ, ಕಾಗದದ ಮೇಲೆ, ಸಾಕು. ಮಾನಕದ ಪಟ್ಟಿಯ ಹಿಂದೆ ಒರಟು ಪೈಪಿನ ಲೆಕ್ಕ ಇದೆ. ನಮ್ಮ ನುಣುಪು ಪೈಪು ಕೂಡ ನಾಲ್ಕು ವರ್ಷಕ್ಕೆ ಒಳಗೆ ಲೋಳೆ ಕಟ್ಟಿಕೊಳ್ಳುತ್ತದೆ. ಹೊಸತರ ನುಣುಪನ್ನು ನಂಬಿ ವಾಟ ಉಳಿಸುವುದು ಸಾಲ ಮಾಡಿದ ಹಾಗೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ: "ಅರ್ಧ ತುಂಬಿ ಹರಿಯುವಾಗ" ಅಂದೆನಲ್ಲ, ಅದು.

ದುಂಡು ಪೈಪಿನ ಒಂದು ವಿಚಿತ್ರ ಗುಣ ಇದು. ಪೂರ್ತಿ ತುಂಬಿ ಹರಿದರೂ ಅರ್ಧ ತುಂಬಿ ಹರಿದರೂ ವೇಗ ಒಂದೇ. ಅರ್ಧಕ್ಕಿಂತ ಕೆಳಗೆ ಬಂದಾಗ ವೇಗ ಬೀಳುತ್ತಾ ಹೋಗುತ್ತದೆ. ಪೈಪಿನ ಹತ್ತನೇ ಒಂದು ಎತ್ತರಕ್ಕೆ ಮಾತ್ರ ನೀರು ಇದ್ದರೆ ಪೂರ್ತಿ ತುಂಬಿದಾಗಿನ ಅರ್ಧ ವೇಗವೂ ಇರುವುದಿಲ್ಲ. ನೀರು ತೆಳುವಾಗಿ ತಳಕ್ಕೆ ಅಂಟಿಕೊಂಡು ತೆವಳುತ್ತದೆ. ತೆವಳುವ ನೀರು ಏನನ್ನು ಹೊತ್ತೀತು?

ಇದನ್ನು ಯಾಕೆ ಇಷ್ಟು ಎಳೆದು ಹೇಳುತ್ತಿದ್ದೇನೆ ಅಂದರೆ, ವಾಟ ಸಾಲದೆ ಬಂದಾಗ ಎಲ್ಲರ ಬಾಯಿಗೂ ಮೊದಲು ಬರುವ ಉಪಾಯ "ದೊಡ್ಡ ಪೈಪು ಹಾಕಿಬಿಡಿ" ಅನ್ನುವುದು. ಪಟ್ಟಿಯೂ ಅದನ್ನೇ ಹೇಳುವಂತೆ ಕಾಣುತ್ತದೆ. ಆರಿಂಚಿಗೆ 1:100 ಸಾಕು ಅಂತ ಇದೆಯಲ್ಲ! ಆದರೆ ಆ ಪೈಪನ್ನು ತುಂಬಿಸುವಷ್ಟು ನೀರು ನಿಮ್ಮ ಮನೆಯಲ್ಲಿ ಇದೆಯಾ? ಒಂದು ಫ್ಲಷ್ ಅಂದರೆ ಆರೇಳು ಲೀಟರ್. ಈಗಿನ ಎರಡು ಬಟನ್ನಿನ ಟ್ಯಾಂಕಿನಲ್ಲಿ ಚಿಕ್ಕದನ್ನು ಒತ್ತಿದರೆ ಮೂರೇ ಲೀಟರ್. ಅಷ್ಟು ನೀರು ನಾಲ್ಕಿಂಚು ಪೈಪಿನಲ್ಲಿ ಒಂದು ಅಲೆಯಾಗಿ ನುಗ್ಗುತ್ತದೆ. ಆರಿಂಚಿನಲ್ಲಿ ಹರಡಿಕೊಂಡು ಮಲಗಿಬಿಡುತ್ತದೆ. ಬ್ರಿಟನ್ನಿನ ಕಟ್ಟಡ ನಿಯಮದಲ್ಲಿ ಇದು ಸ್ಪಷ್ಟವಾಗಿದೆ. 150 ಮಿಲಿಮೀಟರ್ ಪೈಪನ್ನು 1:150ರಷ್ಟು ಚಪ್ಪಟೆಯಾಗಿ ಹಾಕಬಹುದು, ಆದರೆ ಅದಕ್ಕೆ ಕನಿಷ್ಠ ಐದು ಶೌಚಾಲಯ ಸೇರಿರಬೇಕು. 100 ಮಿಲಿಮೀಟರಿಗೆ 1:80 ಸಾಕು, ಆದರೆ ಒಂದಾದರೂ ಶೌಚಾಲಯ ಇರಬೇಕು. ಬರೀ ಬಚ್ಚಲು ನೀರು, ಸಿಂಕಿನ ನೀರು ಹೋಗುವ ಲೈನಾದರೆ 1:40 ಕೊಡಿ ಅನ್ನುತ್ತಾರೆ. ಕೊಳೆ ಕಡಿಮೆ ಇರುವ ಲೈನಿಗೆ ವಾಟ ಜಾಸ್ತಿ! ಓದಿದಾಗ ತಲೆಕೆಳಗು ಅನಿಸುತ್ತದೆ. ಫ್ಲಷ್ ಅಲೆಯಂಥ ತಳ್ಳುವ ಶಕ್ತಿ ಅಲ್ಲಿ ಇಲ್ಲ ಅಂತ ಗೊತ್ತಾದರೆ ಸರಿ ಅನಿಸುತ್ತದೆ.

ಅಪಾರ್ಟ್‌ಮೆಂಟಿಗೆ ಆರಿಂಚು, ಎಂಟಿಂಚು ಸರಿ. 30-40 ಸೈಟಿನ ಒಂಟಿ ಮನೆಗೆ ನಾಲ್ಕಿಂಚೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ವಾಟ ಜಾಸ್ತಿಯಾದರೆ? "ನೀರು ಓಡಿಹೋಗುತ್ತೆ, ಗಲೀಜು ಉಳಿದುಬಿಡುತ್ತೆ" ಅನ್ನುವ ಮಾತು ಎಲ್ಲ ಮೇಸ್ತ್ರಿಗಳ ಬಾಯಲ್ಲೂ ಇದೆ. ಪೂರ್ತಿ ಸುಳ್ಳಲ್ಲ. ವೇಗ ಹೆಚ್ಚಿದಷ್ಟೂ ನೀರಿನ ಆಳ ಕಮ್ಮಿಯಾಗುತ್ತದೆ. ಆದರೆ ಈ ಮಾತಿಗೆ ಹೆದರಿ ಬೇಕಾದ ವಾಟವನ್ನೂ ಕೊಡದೆ ಕೆಡಿಸಿಕೊಂಡವರೇ ಜಾಸ್ತಿ. ಮಾನಕದಲ್ಲಿ ಮೇಲಿನ ಮಿತಿ ಸೆಕೆಂಡಿಗೆ 2.4 ಮೀಟರ್. 100 ಮಿಲಿಮೀಟರ್ ಪೈಪಿನಲ್ಲಿ ಅಷ್ಟು ವೇಗ ಬರಬೇಕಾದರೆ ವಾಟ 1:5.6 ಇರಬೇಕು, ಅಂದರೆ ಹತ್ತು ಅಡಿಗೆ 21 ಇಂಚು! ಯಾರೂ ಕೈ ತಪ್ಪಿ ಅಷ್ಟು ಕೊಡುವುದಿಲ್ಲ. 1:40, 1:30 ಬಂದರೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಜಾಸ್ತಿ ವಾಟ ನಿಜವಾಗಿ ಕೆಡಿಸುವ ಜಾಗ ಒಂದಿದೆ. ಟ್ರ್ಯಾಪಿನ, ಅಂದರೆ ನೀರು ನಿಲ್ಲುವ ಬಾಗಿದ ಕೊಳವೆಯ, ಪಕ್ಕದ ತುಂಡು ಪೈಪು. ಟ್ರ್ಯಾಪಿನಲ್ಲಿ ನಿಂತ ನೀರೇ ಮನೆಗೆ ವಾಸನೆ ಬಾರದಂತೆ ತಡೆಯುವ ಬಾಗಿಲು. ಟ್ರ್ಯಾಪಿನಿಂದ ಗಾಳಿ ಪೈಪಿನವರೆಗಿನ ತುಂಡು ತುಂಬಾ ಇಳಿದುಬಿಟ್ಟರೆ ಹೋಗುವ ನೀರು ಹಿಂದಿನದನ್ನೂ ಎಳೆದುಕೊಂಡು ಹೋಗುತ್ತದೆ, ಕ್ಯಾನಿನಿಂದ ಪೈಪು ಹಾಕಿ ಸೀಮೆಎಣ್ಣೆ ಎಳೆದ ಹಾಗೆ. ಟ್ರ್ಯಾಪು ಒಣಗುತ್ತದೆ, ವಾಸನೆ ಒಳಗೆ ಬರುತ್ತದೆ. ಆ ತುಂಡಿನ ಒಟ್ಟು ಇಳಿತ ಪೈಪಿನ ಅಗಲ ದಾಟಬಾರದು ಅನ್ನುವುದು ಒಳ್ಳೆಯ ಲೆಕ್ಕ.

ಇನ್ನು ಮಡಿಕೇರಿಯಂಥ ಕಡೆ ಸೈಟೇ ಇಳಿಜಾರು. ಅಲ್ಲಿ ನೆಲದ ಜೊತೆ ಪೈಪನ್ನೂ ಜಾರಿಸಬೇಡಿ. ಪೈಪಿಗೆ ಸಾಧಾರಣ ವಾಟ ಕೊಟ್ಟು, ಮಿಕ್ಕ ಎತ್ತರವನ್ನು ಚೇಂಬರಿನಲ್ಲಿ ನೆಟ್ಟಗೆ ಕೆಳಗೆ ಇಳಿಸಿ. ಮೆಟ್ಟಿಲು ಇಳಿದ ಹಾಗೆ.

ಈಗ ನಮ್ಮ 5 ಇಂಚಿನ ವಿಷಯಕ್ಕೆ ಬರೋಣ. ವಾಟ ಎಷ್ಟು ಕೊಡಬೇಕು ಅಂತ ಪ್ಲಂಬರನ್ನು ಕೇಳುವ ಹೊತ್ತಿಗೆ ಅದು ತೀರ್ಮಾನವಾಗಿ ಹೋಗಿರುತ್ತದೆ. ಪೈಪಿನ ಎರಡೂ ತುದಿ ಅವರ ಕೈಯಲ್ಲಿ ಇರುವುದಿಲ್ಲ. ಕೆಳಗಿನ ತುದಿ ರಸ್ತೆಯ ಯುಜಿಡಿ, ಅಂದರೆ ಊರಿನ ಒಳಚರಂಡಿಯ, ಚೇಂಬರು. ಅದು ನಾವು ಸೈಟು ಕೊಳ್ಳುವ ಮೊದಲೇ ಎಷ್ಟು ಆಳಕ್ಕೆ ಬೇಕೋ ಅಷ್ಟಕ್ಕೆ ಕೂತಿದೆ. ಮೇಲಿನ ತುದಿ ಶೌಚಾಲಯದ ಟ್ರ್ಯಾಪು. ಅದು ನೆಲ ಹಾಕಿದ ದಿನ ಕೂತಿತು. ನಡುವೆ ಇರುವ ಎತ್ತರವನ್ನು ಉದ್ದಕ್ಕೆ ಹಂಚುವುದಷ್ಟೇ ಪ್ಲಂಬರ್ ಕೆಲಸ. ಅವರ ಹತ್ತಿರ 4 ಇಂಚು ಇತ್ತು, 4 ಇಂಚು ಹಂಚಿದರು.

ಹಾಗಾಗಿ ಲೆಕ್ಕವನ್ನು ಕೆಳಗಿನ ತುದಿಯಿಂದ, ಪಾಯ ತೆಗೆಯುವ ಮೊದಲೇ ಮಾಡಬೇಕು. ನಮ್ಮದನ್ನೇ ತೆಗೆದುಕೊಳ್ಳಿ. ಹಿತ್ತಲಲ್ಲಿ ಅಂಗಳದ ಮಟ್ಟಕ್ಕೇ ಒಂದು ಇಂಡಿಯನ್ ಶೌಚಾಲಯ ಬೇಕು ಅನ್ನುವುದು ಅಮ್ಮನ ಹಠ. ಇಂಡಿಯನ್ ಬೇಸಿನ್ನಿನ ಟ್ರ್ಯಾಪು ನೆಲದೊಳಗೆ ಹುಗಿದಿರುತ್ತದೆ. ಅಲ್ಲಿಂದ ಹೊರಡುವ ಪೈಪಿನ ತಳ ಅಂಗಳದಿಂದ 16 ಇಂಚು ಕೆಳಗೆ ಬಂತು. 45 ಅಡಿಗೆ ಹತ್ತಕ್ಕೆ ಎರಡರಂತೆ 9 ಇಂಚು. ನಡುವೆ ಎರಡು ಚೇಂಬರು, ಒಂದೊಂದರಲ್ಲಿ ಒಂದೊಂದು ಇಂಚು ಇಳಿಸಿದರೆ 2 ಇಂಚು. ಒಟ್ಟು 27. ಅಂದರೆ ನಮ್ಮ ಪೈಪು ರಸ್ತೆಯ ಚೇಂಬರಿಗೆ ಸೇರುವ ಜಾಗ ಅಂಗಳದಿಂದ 27 ಇಂಚು ಕೆಳಗೆ ಇರಬೇಕಿತ್ತು. ಇದ್ದದ್ದು 22. ಸೇರುವಾಗ ಅಲ್ಲಿ ಹರಿಯುವ ನೀರಿಗಿಂತ ಮೇಲೆ ಸೇರಬೇಕು, ಇಲ್ಲದಿದ್ದರೆ ರಸ್ತೆಯ ಗಲೀಜು ಮಳೆಗಾಲದಲ್ಲಿ ನಮ್ಮ ಪೈಪಿಗೇ ನುಗ್ಗುತ್ತದೆ. ಹಾಗಾಗಿ ಅದಕ್ಕಿಂತ ಕೆಳಗೆ ತೂತು ಮಾಡುವ ಹಾಗೂ ಇರಲಿಲ್ಲ.

ಒಂದು ಚೇಂಬರಿನ ಮುಚ್ಚಳ ಎತ್ತಿ, ಟೇಪು ಇಳಿಬಿಟ್ಟು ನೋಡಿದ್ದರೆ ಐದು ನಿಮಿಷದ ಕೆಲಸ. ನಾವು ವಾಸ್ತು ನೋಡಿದೆವು, ಬೋರ್‌ವೆಲ್ ಪಾಯಿಂಟ್ ನೋಡಿದೆವು, ಚೇಂಬರ್ ನೋಡಲಿಲ್ಲ.

ಊರಿಗೆ ಊರೇ ಹೀಗೆ ಸಿಕ್ಕಿಹಾಕಿಕೊಂಡದ್ದೂ ಇದೆ. ಅಮೆರಿಕದ ಷಿಕಾಗೊ, ಸರೋವರದ ದಡದ ಚಪ್ಪಟೆ ಊರು. ನೆಲ ನೀರಿನ ಮಟ್ಟಕ್ಕಿಂತ ಎತ್ತರವೇ ಇರಲಿಲ್ಲ ಅನ್ನಬೇಕು. ಚರಂಡಿಗೆ ವಾಟ ಕೊಡಲು ಕೆಳಗೆ ಜಾಗ ಇಲ್ಲ. 1850ರ ದಶಕದಲ್ಲಿ ಎಂಜಿನಿಯರ್ ಎಲಿಸ್ ಚೆಸ್‌ಬ್ರೊ ಸಲಹೆಯಂತೆ ಪೈಪುಗಳನ್ನು ರಸ್ತೆಯ ಮೇಲೆಯೇ ಹಾಕಿ, ಅದರ ಮೇಲೆ ಮಣ್ಣು ಸುರಿದು ರಸ್ತೆಯನ್ನೇ ಎತ್ತರಿಸಿದರು. ಆಮೇಲೆ ತಗ್ಗಾದ ಕಟ್ಟಡಗಳನ್ನು ಸ್ಕ್ರೂ ಜಾಕು ಕೊಟ್ಟು ಒಂದೊಂದಾಗಿ ಮೇಲೆತ್ತಿದರು. ಇಟ್ಟಿಗೆಯ ದೊಡ್ಡ ಹೋಟೆಲುಗಳನ್ನೂ ಎತ್ತಿದರು. ಪೈಪಿನ ಇಳಿಜಾರಿಗಾಗಿ ಊರನ್ನೇ ಎತ್ತಿದ್ದು!

ಬೆಂಗಳೂರಿನ ಅದೃಷ್ಟ ಇದಕ್ಕೆ ತದ್ವಿರುದ್ಧ. ಊರು ದಿಬ್ಬದ ಮೇಲೆ ಕೂತಿದೆ. ಕೊಳಚೆ ನೀರು ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳ ಇಳಿಜಾರು ಹಿಡಿದು ಹೋಗುತ್ತದೆ. ಕುಡಿಯುವ ಕಾವೇರಿಯನ್ನು ಮಾತ್ರ ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ತರಬೇಕು. ಬರುವಾಗ ಕರೆಂಟು ಖರ್ಚು, ಹೋಗುವಾಗ ಬಹುಪಾಲು ಪುಕ್ಕಟೆ.

ಎತ್ತರ ಸಾಲದಿದ್ದರೆ ಏನು ಮಾಡುವುದು? ಮನೆ ಕಟ್ಟುವ ಮೊದಲಾದರೆ ಪಾಯ ಎತ್ತರಿಸಿ, ಅಥವಾ ಶೌಚಾಲಯವನ್ನು ರಸ್ತೆಯ ಕಡೆಗೆ ತನ್ನಿ. ಹತ್ತು ಅಡಿ ಹತ್ತಿರ ಬಂದರೆ ಎರಡು ಇಂಚು ಉಳಿಯುತ್ತದೆ. ಪೈಪು ಮನೆ ಸುತ್ತಿ ಬರುವ ಬದಲು ನೇರ ಬರಲಿ. ಇಂಡಿಯನ್ ಬದಲು ಗೋಡೆಗೆ ಹೊರಹೋಗುವ ವೆಸ್ಟರ್ನ್ ಕಮೋಡ್ ಇಟ್ಟರೆ ಶುರುವಿನಲ್ಲೇ ಒಂದಡಿ ಹತ್ತಿರ ಉಳಿಯುತ್ತದೆ. ಇರುವ ವಾಟವನ್ನು 1:80ರವರೆಗೆ ಇಳಿಸಬಹುದು, ಕೆಲಸ ಅಚ್ಚುಕಟ್ಟಾಗಿ ಇರಬೇಕು ಅಷ್ಟೇ. ಏನೂ ಆಗದಿದ್ದರೆ ಗುಂಡಿಯಲ್ಲಿ ಶೇಖರಿಸಿ ಪಂಪು ಮಾಡುವುದು, ಬೇಸ್‌ಮೆಂಟಿನಲ್ಲಿ ಮಾಡುವ ಹಾಗೆ. ಮನೆಗೆ ಅದು ಕೊನೆಯ ದಾರಿ. ಕರೆಂಟು ಹೋದ ದಿನ ಗೊತ್ತಾಗುತ್ತದೆ.

ಅಚ್ಚುಕಟ್ಟು ಅಂದರೆ ಏನು ಅನ್ನುವುದನ್ನು ಎರಡನೇ ಸಲ ಅಗೆದಾಗ ಕಂಡೆ. ನಮ್ಮ ಹಳೇ ಪೈಪು ವಾಟ ಕಮ್ಮಿ ಇದ್ದದ್ದಷ್ಟೇ ಅಲ್ಲ, ಮಧ್ಯೆ ಹೊಟ್ಟೆ ಬಿಟ್ಟಿತ್ತು. ಎರಡು ಕಡೆ ಇಟ್ಟಿಗೆ ಚೂರಿನ ಮೇಲೆ ಕೂರಿಸಿ ಮಣ್ಣು ಮುಚ್ಚಿದ್ದರು. ಮಣ್ಣು ಕುಸಿದಂತೆ ನಡುವಿನ ಪೈಪು ಬಗ್ಗಿ, ಅಲ್ಲಿ ನೀರು ನಿಂತು, ಗಲೀಜು ಗಟ್ಟಿಯಾಗಿತ್ತು. ತುದಿಯಿಂದ ತುದಿಗೆ ಅಳೆದರೆ ಇದು ಗೊತ್ತೇ ಆಗುವುದಿಲ್ಲ.

ಹೊಸದಾಗಿ ಹಾಕಲು ಬಂದ ಮೇಸ್ತ್ರಿಗೆ ಅರವತ್ತು ದಾಟಿತ್ತು. ಮೊದಲು ಎರಡು ತುದಿಗೆ ಗೂಟ ಹೊಡೆದು, ಟ್ಯೂಬ್ ಲೆವೆಲ್ ಇಟ್ಟು, ಬೇಕಾದ ವಾಟಕ್ಕೆ ದಾರ ಕಟ್ಟಿದರು. ಕಾಲುವೆ ತಳಕ್ಕೆ ನಾಲ್ಕು ಇಂಚು ಮರಳು ಹಾಸಿ, ನೀರು ಚಿಮುಕಿಸಿ ತಟ್ಟಿದರು. ಆಮೇಲೆ ಜೇಬಿನಿಂದ ಒಂದು ಮರದ ತುಂಡು ತೆಗೆದರು. ದಪ್ಪ ಸರಿಯಾಗಿ 20 ಮಿಲಿಮೀಟರ್. 1200 ಮಿಲಿಮೀಟರ್ ಉದ್ದದ ರಸಮಟ್ಟದ ಕೆಳಬದಿಯ ತುದಿಗೆ ಅದನ್ನು ಕೊಟ್ಟು ಪೈಪಿನ ಮೇಲೆ ಇಟ್ಟರು. ಗುಳ್ಳೆ ನಡುವೆ ನಿಂತರೆ 1:60, ಅಷ್ಟೇ! 1200ನ್ನು 20ರಿಂದ ಭಾಗಿಸಿದರೆ 60. ಎರಡಡಿ ರಸಮಟ್ಟವಾದರೆ 10 ಮಿಲಿಮೀಟರ್ ತುಂಡು. ಪ್ರತಿ ಜೋಡಣೆಗೂ, ಪ್ರತಿ ನಡುವಿಗೂ ಇಟ್ಟು ನೋಡಿದರು. "ದಾರ ಗಾಳಿಗೆ ಸುಳ್ಳು ಹೇಳ್ತದೆ, ಇದು ಹೇಳಲ್ಲ" ಅಂದರು. ತಿರುವಿನಲ್ಲಿ 90 ಡಿಗ್ರಿ ಬೆಂಡು ಹಾಕಲು ಹುಡುಗ ಹೊರಟಾಗ ಬೈದು ಎರಡು 45 ಹಾಕಿಸಿದರು.

ಮಣ್ಣು ಮುಚ್ಚುವ ಮೊದಲು ಒಂದು ತುದಿಯ ಚೇಂಬರಿನಲ್ಲಿ ಮೊಬೈಲ್ ಟಾರ್ಚ್ ಹಿಡಿಯಲು ಹೇಳಿದರು. ಇನ್ನೊಂದು ತುದಿಯಲ್ಲಿ ಗಡ್ಡ ಕೆರೆಯುವ ಕನ್ನಡಿ ಓರೆಯಾಗಿ ಇಟ್ಟು ನನ್ನನ್ನು ಕರೆದರು. ಬೆಳಕು ಪೂರ್ತಿ ದುಂಡಗೆ ಹುಣ್ಣಿಮೆ ಚಂದ್ರನ ಹಾಗೆ ಕಂಡಿತು. ಹೊಟ್ಟೆ ಬಿಟ್ಟಿದ್ದರೆ ಅಷ್ಟಮಿ ಚಂದ್ರ ಕಾಣುತ್ತದಂತೆ. ಇದು ಮೇಸ್ತ್ರಿಯ ಸ್ವಂತ ವಿದ್ಯೆ ಅಂದುಕೊಂಡಿದ್ದೆ. ಮಾನಕದಲ್ಲೂ ಕನ್ನಡಿಯ ಪರೀಕ್ಷೆ ಇದೆ. ಜೊತೆಗೆ ಪೈಪಿನ ಒಳ ಅಗಲಕ್ಕಿಂತ 13 ಮಿಲಿಮೀಟರ್ ಚಿಕ್ಕದಾದ ನುಣುಪು ಚೆಂಡನ್ನು ಮೇಲಿನ ತುದಿಯಲ್ಲಿ ಬಿಟ್ಟು ಕೆಳಗೆ ಬರುತ್ತದಾ ನೋಡುವುದೂ ಇದೆ. ನಾವು ಮಗನ ಟೆನಿಸ್ ಚೆಂಡು ಬಿಟ್ಟೆವು. ಅಳತೆಗೆ ಚಿಕ್ಕದಾದರೂ, ಎಲ್ಲೂ ನಿಲ್ಲದೆ ಉರುಳಿ ಬಂದದ್ದು ನೋಡಿ ಸಮಾಧಾನ ಆಯಿತು.

ಅಡುಗೆಮನೆಯ ಲೈನಿಗೆ ಮೇಸ್ತ್ರಿ ಹತ್ತಕ್ಕೆ ಮೂರು ಕೊಟ್ಟರು. ಅಲ್ಲಿ ಶತ್ರು ಜಿಡ್ಡು. ಕೊಬ್ಬರಿ ಎಣ್ಣೆ 24 ಡಿಗ್ರಿ ಸೆಲ್ಸಿಯಸ್ಸಿನ ಕೆಳಗೆ ಹೆಪ್ಪುಗಟ್ಟುತ್ತದೆ. ನೆಲದೊಳಗಿನ ತಣ್ಣಗಿನ ಪೈಪಿನಲ್ಲಿ ತುಪ್ಪ, ಎಣ್ಣೆ, ಮುದ್ದೆ ಪಾತ್ರೆಯ ಅಂಟು ಸೇರಿ ಗಾರೆಯಾಗುತ್ತದೆ. ವಾಟ ಕೊಟ್ಟರೂ ಸಿಂಕಿಗೆ ಜಾಲರಿ ಬೇಕೇ ಬೇಕು. ಮಳೆನೀರಿನ ಪೈಪನ್ನು ಇದ್ಯಾವುದಕ್ಕೂ ಸೇರಿಸಬೇಡಿ, ಅದರ ದಾರಿ ಬೇರೆ.

ಆ 5 ಇಂಚಿಗೆ ಕೊನೆಗೆ ನಾವೂ ಷಿಕಾಗೊದವರ ದಾರಿಯನ್ನೇ ಹಿಡಿದೆವು. ಹಿತ್ತಲಿನ ಶೌಚಾಲಯದ ನೆಲ ಒಡೆದು, ಟ್ರ್ಯಾಪು ಎತ್ತಿ, ನೆಲವನ್ನು ಅರ್ಧ ಅಡಿ ಮೇಲೆ ತಂದೆವು. ಬಾಗಿಲಿನ ತಲೆಯನ್ನೂ ಅಷ್ಟೇ ಎತ್ತರಿಸಬೇಕಾಯಿತು. ಈಗ ಒಂದು ಮೆಟ್ಟಿಲು ಹತ್ತಿ ಒಳಗೆ ಹೋಗಬೇಕು. ಅಮ್ಮ ಪ್ರತಿ ಸಲ ಗೋಡೆ ಹಿಡಿದು ಹತ್ತುವಾಗ "ಮೊದಲೇ ಅಳೆದಿದ್ದರೆ ಆಗ್ತಿರಲಿಲ್ವೇನೋ" ಅನ್ನುತ್ತಾರೆ. ಕಳೆದ ತಿಂಗಳು ಆ ಗೋಡೆಗೆ ಒಂದು ಸ್ಟೀಲ್ ಹಿಡಿಕೆ ಹಾಕಿಸಿದೆ.